ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡ ಮೇಲೆ ವೀರ್ಯಾಣು ಸೊನ್ನೆ ಬಂದಿದೆ. ಯಾರಿಗಾದರೂ ಹೀಗಾಗಿದೆಯಾ?

ಶಿರಾಗೇಟ್_34
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ, ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ನನಗೆ 34 ವರ್ಷ. ಊರು ತುಮಕೂರು, ಕೆಲಸ ಬೆಂಗಳೂರಲ್ಲಿ. ಮದುವೆಯಾಗಿ ನಾಲ್ಕು ವರ್ಷ ಆಯಿತು.

ಕಳೆದ ವರ್ಷ ವಿಪರೀತ ಸುಸ್ತು ಶುರುವಾಯಿತು. ಮಧ್ಯಾಹ್ನ ಮೂರಾದರೆ ಕಣ್ಣು ಎಳೆಯುತ್ತಿತ್ತು. ಆಸೆ ಕೂಡ ಸತ್ತ ಹಾಗೆ. ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆ. ರಕ್ತ ಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ 212 ಬಂತು. 'ಕಡಿಮೆ ಇದೆ, ಇಂಜೆಕ್ಷನ್ ತಗೊಳ್ಳಿ' ಅಂದರು. 15 ದಿನಕ್ಕೊಂದು, 250 ಮಿ.ಗ್ರಾಂ. ಎಣ್ಣೆ ಥರ ಗಟ್ಟಿ ಔಷಧಿ, ಸೊಂಟದ ಕೆಳಗೆ ನಿಧಾನವಾಗಿ ಒತ್ತುತ್ತಾರೆ. ಎರಡನೇ ತಿಂಗಳಿಗೇ ನಾನು ಬೇರೆ ಮನುಷ್ಯನಾಗಿದ್ದೆ. ಬೆಳಗ್ಗೆ ಆರಕ್ಕೆ ತಾನಾಗೇ ಎಚ್ಚರವಾಗುತ್ತಿತ್ತು.

ಈ ಕಡೆ ಮಗುವಿಗೆ ಅಂತ ಹೆಂಡತಿಗೆ ಒಂದಾದ ಮೇಲೊಂದು ಪರೀಕ್ಷೆ ನಡೆಯುತ್ತಲೇ ಇತ್ತು. ಎಲ್ಲವೂ ನಾರ್ಮಲ್. ಹೋದ ವಾರ ಹೊಸ ಡಾಕ್ಟರ್ ನನ್ನ ವೀರ್ಯ ಪರೀಕ್ಷೆ ಬರೆದುಕೊಟ್ಟರು. ವರದಿಯಲ್ಲಿ ವೀರ್ಯಾಣು ಸಂಖ್ಯೆ ಅನ್ನುವ ಕಡೆ 'ನಿಲ್' ಅಂತ ಇದೆ. ನಾನು 11 ತಿಂಗಳಿಂದ ಈ ಇಂಜೆಕ್ಷನ್ ತಗೊಳ್ಳುತ್ತಿದ್ದೇನೆ ಅಂದಾಗ ಅವರು ಪೆನ್ನು ಕೆಳಗಿಟ್ಟು, 'ಮಗು ಬೇಕು ಅಂತ ಅವರಿಗೆ ಹೇಳಿದ್ರಾ?' ಅಂತ ಕೇಳಿದರು. ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ನಿಜವಾಗಿಯೂ ಇಂಜೆಕ್ಷನ್‌ನಿಂದಲೇ ಹೀಗಾಗಿದೆಯಾ? ವಾಪಸ್ ಬರುತ್ತದಾ? ನಿಲ್ಲಿಸಿದರೆ ಮತ್ತೆ ಆ ಸುಸ್ತಿನ ದಿನಗಳೇನಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಅಡಿಕೆ_ತೋಟ
ಅರ್ಥ ಆಗಲಿಲ್ಲ ಗುರು. ಟೆಸ್ಟೋಸ್ಟೆರಾನ್ ಅಂದರೆ ಗಂಡಸರ ಹಾರ್ಮೋನ್ ಅಲ್ವಾ? ಅದು ಜಾಸ್ತಿಯಾದರೆ ವೀರ್ಯಾಣುನೂ ಜಾಸ್ತಿ ಆಗಬೇಕಲ್ಲ. ಲ್ಯಾಬ್ ಏನೋ ತಪ್ಪು ಮಾಡಿರಬೇಕು.

ರಾತ್ರಿಪಾಳಿ
ಇಂಜೆಕ್ಷನ್ ಶುರು ಮಾಡುವ ಮೊದಲು ವೀರ್ಯ ಪರೀಕ್ಷೆ ಮಾಡಿಸಿದ್ರಾ?

ಶಿರಾಗೇಟ್_34
ಇಲ್ಲ ಅಣ್ಣ. ಯಾರೂ ಹೇಳಲಿಲ್ಲ.

ಎಂಡೋ_ಪಿಜಿ_ಹುಬ್ಬಳ್ಳಿ
ನಾನು ಎಂಡೋಕ್ರೈನಾಲಜಿ, ಅಂದರೆ ಹಾರ್ಮೋನ್ ಕಾಯಿಲೆಗಳ ವಿಷಯ ಓದುತ್ತಿರುವ ಡಾಕ್ಟರ್. ಇಲ್ಲಿ ಬರೆಯುವುದು ಚಿಕಿತ್ಸೆ ಅಲ್ಲ, ವಿಷಯ ಮಾತ್ರ.

ಅಡಿಕೆ_ತೋಟ ಅವರು ಕೇಳಿದ ಪ್ರಶ್ನೆಯನ್ನು ನನ್ನ ಓಪಿಡಿಯಲ್ಲೂ ಎಲ್ಲರೂ ಕೇಳುತ್ತಾರೆ. ಮೆದುಳಿನ ಕೆಳಗೆ ಪಿಟ್ಯುಟರಿ ಅಂತ ಒಂದು ಸಣ್ಣ ಗ್ರಂಥಿ ಇದೆ. ಅದು ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಎರಡು ಹಾರ್ಮೋನ್ ಕಳಿಸುತ್ತದೆ. ಎಲ್‌ಎಚ್ ಬಂದರೆ ವೃಷಣ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ. ಎಫ್‌ಎಸ್‌ಎಚ್ ವೀರ್ಯಾಣು ಬೆಳೆಸುವ ಜೀವಕೋಶಗಳನ್ನು ನೋಡಿಕೊಳ್ಳುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಿದೆ ಅಂತ ಮೆದುಳಿಗೆ ಗೊತ್ತಾದರೆ ಎರಡನ್ನೂ ನಿಲ್ಲಿಸಿಬಿಡುತ್ತದೆ. ಹೊರಗಿಂದ ಇಂಜೆಕ್ಷನ್ ಕೊಟ್ಟಾಗ ಆಗುವುದು ಇದೇ.

ಇನ್ನೊಂದು ಮಾತು. ವೀರ್ಯಾಣು ಬೆಳೆಯಲು ವೃಷಣದ ಒಳಗಿನ ಟೆಸ್ಟೋಸ್ಟೆರಾನ್ ಬೇಕು. ಅಲ್ಲಿ ಅದು ರಕ್ತದಲ್ಲಿ ಇರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇರುತ್ತದೆ. ಇಂಜೆಕ್ಷನ್ ರಕ್ತವನ್ನು ತುಂಬಿಸುತ್ತದೆ, ಆ ಒಳಗಿನ ಮಟ್ಟಕ್ಕೆ ತರಲು ಆಗುವುದಿಲ್ಲ. ಎಲ್‌ಎಚ್ ನಿಂತ ಕೂಡಲೇ ಒಳಗೆ ಬರಿದಾಗುತ್ತದೆ. ಜೆಲ್ ಹಚ್ಚಿಕೊಂಡರೂ ಅಷ್ಟೇ, ದೊಡ್ಡ ಡೋಸ್ ಮಾತ್ರೆ ತಿಂದರೂ ಅಷ್ಟೇ.

ಅಡಿಕೆ_ತೋಟ
ಈಗ ಹೊಳೆಯಿತು ಡಾಕ್ಟ್ರೇ. ನಮ್ಮ ತೋಟದಲ್ಲಿ ಬೋರ್‌ವೆಲ್ ನೀರು ಮೊದಲು ಸಾಲಿಗೆ ಹರಿದು ಆಮೇಲೆ ಮೇಲಿನ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕ್ ತುಂಬಿದರೆ ಮೋಟಾರ್ ತಾನಾಗೇ ಆಫ್. ಯಾರೋ ಟ್ಯಾಂಕರ್ ತಂದು ಮೇಲಿಂದ ಟ್ಯಾಂಕ್ ತುಂಬಿಸಿದರೆ ಮನೆ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದೆ. ಆದರೆ ಮೋಟಾರ್ ಓಡುವುದೇ ಇಲ್ಲ, ಸಾಲಿಗೆ ಹನಿ ನೀರಿಲ್ಲ, ಸಸಿ ಒಣಗುತ್ತದೆ. ಹೀಗೇ ಅಲ್ವಾ?

ಎಂಡೋ_ಪಿಜಿ_ಹುಬ್ಬಳ್ಳಿ
ನೂರಕ್ಕೆ ನೂರು. ನಾಳೆಯಿಂದ ಓಪಿಡಿಯಲ್ಲಿ ಇದನ್ನೇ ಹೇಳುತ್ತೇನೆ. ಒಂದೇ ತಿದ್ದುಪಡಿ: ಸಸಿ ಒಣಗುತ್ತದೆ, ಬೇರು ಸಾಮಾನ್ಯವಾಗಿ ಸಾಯುವುದಿಲ್ಲ. ಶಿರಾಗೇಟ್ ಅವರು ಆ ಮಾತು ನೆನಪಿಟ್ಟುಕೊಳ್ಳಿ.

ಕಡಲತೀರ
ಇದು ಹೊಸ ವಿಷಯ ಏನೂ ಅಲ್ಲ ಮಾರಾಯ್ರೆ. ಟೆಸ್ಟೋಸ್ಟೆರಾನನ್ನು ಗಂಡಸರ ಗರ್ಭನಿರೋಧಕವಾಗಿ ಬಳಸಬಹುದಾ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಪ್ರಯೋಗ ಮಾಡಿತ್ತು. 1990ರಲ್ಲಿ ಫಲಿತಾಂಶ ಬಂತು. 7 ದೇಶಗಳ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೊಂದು 200 ಮಿ.ಗ್ರಾಂ ಇಂಜೆಕ್ಷನ್ ಕೊಟ್ಟರು. ಆರು ತಿಂಗಳೊಳಗೆ 157 ಜನರ ವೀರ್ಯಾಣು ಸೊನ್ನೆಗೆ ಇಳಿಯಿತು. ಯಾವ ಔಷಧಿಯನ್ನು ಮಗು ಆಗದೇ ಇರಲಿ ಅಂತ ಪ್ರಯೋಗ ಮಾಡಿದ್ದರೋ ಅದನ್ನೇ ಮಗು ಬೇಕು ಅನ್ನುವವರಿಗೆ ಕೊಡುತ್ತಿದ್ದಾರೆ. ಓದಿದಾಗ ನನಗೆ ಹೊಟ್ಟೆ ಉರಿದುಹೋಯಿತು.

ದಾವಣಗೆರೆ_ಜಿಮ್
ಹಾಗಾದರೆ ಕಾಂಡೋಮ್ ಬೇಡ ಅನ್ನಿ, ಇದನ್ನೇ ತಗೊಂಡರೆ ಆಯಿತು.

ಎಂಡೋ_ಪಿಜಿ_ಹುಬ್ಬಳ್ಳಿ
ದಯವಿಟ್ಟು ಹಾಗೆ ನಂಬಬೇಡಿ. 271ರಲ್ಲಿ 157 ಅಂದರೆ ಎಲ್ಲರಿಗೂ ಸೊನ್ನೆ ಆಗಲಿಲ್ಲ ಅಂತಲೇ ಅರ್ಥ. ಯಾರಿಗೆ ಆಗುತ್ತದೆ, ಯಾರಿಗೆ ಇಲ್ಲ ಅಂತ ಮೊದಲೇ ಹೇಳಲು ಆಗುವುದಿಲ್ಲ. ಜೊತೆಗೆ ರಕ್ತ ದಪ್ಪ ಆಗುತ್ತದೆ. ಹಿಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇ. 54 ದಾಟಿದರೆ ಡೋಸ್ ಇಳಿಸಬೇಕು ಇಲ್ಲವೇ ಔಷಧಿ ನಿಲ್ಲಿಸಬೇಕು.

ದಾವಣಗೆರೆ_ಜಿಮ್
ಸರಿ ಡಾಕ್ಟ್ರೇ, ಮಾತು ವಾಪಸ್. ನನ್ನ ಗೆಳೆಯನೊಬ್ಬ ಕಾಂಪಿಟೇಷನ್‌ಗೆ ಅಂತ ಒಂದು ವರ್ಷ ಇದನ್ನೇ ಹಾಕಿಸಿಕೊಂಡ. ಚೀಟಿ ಇಲ್ಲ, ಏನಿಲ್ಲ, ಜಿಮ್‌ನಲ್ಲೇ ಸಿಗುತ್ತಿತ್ತು. ಯಾವ ಜಿಮ್ ಅಂತ ಹೇಳುವುದಿಲ್ಲ. ಮೈಕಟ್ಟು ನೋಡಿದರೆ ಕಲ್ಲು. ಮದುವೆಯಾಗಿ ಎರಡು ವರ್ಷ ಮಗು ಆಗಲಿಲ್ಲ. ಎದೆಯಲ್ಲಿ ಗಂಟಿನ ಥರ ಊದಿಕೊಂಡಿತ್ತು, ಬೀಜ ಸಣ್ಣದಾಗಿತ್ತು. ಅವನು ಯಾರ ಹತ್ತಿರವೂ ಹೇಳಿರಲಿಲ್ಲ. ಒಂದು ದಿನ ನನ್ನ ಮುಂದೆ ಅತ್ತುಬಿಟ್ಟ. ಅವತ್ತಿಂದ ನಮ್ಮ ಕಡೆ ಹುಡುಗರು ಯಾರಾದರೂ ಕೇಳಿದರೆ ನಾನು ಬೈದೇ ಕಳಿಸುತ್ತೇನೆ.

ರಾತ್ರಿಪಾಳಿ
ಶಿರಾಗೇಟ್, ಆ 212 ಬಂತಲ್ಲ, ರಕ್ತ ಕೊಟ್ಟಿದ್ದು ಎಷ್ಟು ಗಂಟೆಗೆ?

ಶಿರಾಗೇಟ್_34
ಆಫೀಸು ಮುಗಿಸಿ ಹೋಗಿದ್ದೆ. ಸಂಜೆ ಐದೂವರೆ ಇರಬಹುದು. ಯಾಕೆ?

ರಾತ್ರಿಪಾಳಿ
ಅಯ್ಯೋ.

ಲ್ಯಾಬ್_ಮೈಸೂರು
20 ವರ್ಷದಿಂದ ಲ್ಯಾಬ್‌ನಲ್ಲಿದ್ದೇನೆ, ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಟೆಸ್ಟೋಸ್ಟೆರಾನ್ ಬೆಳಗ್ಗೆ ಜಾಸ್ತಿ, ಸಂಜೆಗೆ ಇಳಿಯುತ್ತದೆ. ಊಟ ಮಾಡಿದ ಮೇಲೂ ಇಳಿಯುತ್ತದೆ. ಹಾಗಾಗಿ ಬೆಳಗ್ಗೆ ಬೇಗ, ಖಾಲಿ ಹೊಟ್ಟೆಯಲ್ಲಿ, ಅದೂ ಎರಡು ಬೇರೆ ಬೇರೆ ದಿನ ಕೊಡಬೇಕು. ಎರಡೂ ಸಲ ಕಡಿಮೆ ಬಂದರೆ ಮಾತ್ರ ಕಡಿಮೆ. ಜ್ವರ ಬಂದು ಎದ್ದವರು, ಮೂರು ರಾತ್ರಿ ನಿದ್ದೆಗೆಟ್ಟವರು ಸ್ವಲ್ಪ ದಿನ ಬಿಟ್ಟು ಬನ್ನಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುವವರು ಮೊದಲೇ ಹೇಳಿ, ಕೆಲವು ಮೆಷಿನ್‌ಗಳಲ್ಲಿ ಅದು ಫಲಿತಾಂಶವನ್ನೇ ಕೆಡಿಸುತ್ತದೆ.

ಎಂಡೋ_ಪಿಜಿ_ಹುಬ್ಬಳ್ಳಿ
ಲ್ಯಾಬ್_ಮೈಸೂರು ಹೇಳಿದ್ದು ಅಕ್ಷರಶಃ ಸರಿ. ಅಮೆರಿಕದ ಯೂರಾಲಜಿ ಸಂಘದ 2018ರ ಮಾರ್ಗಸೂಚಿ 300ಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತದೆ. ಆದರೆ ಬೆಳಗಿನ ಎರಡು ಪರೀಕ್ಷೆ ಇರಬೇಕು, ಜೊತೆಗೆ ಲಕ್ಷಣವೂ ಇರಬೇಕು. ಮಗು ಬೇಕು ಅನ್ನುವವರಿಗೆ ಟೆಸ್ಟೋಸ್ಟೆರಾನ್ ಬರೆಯಬೇಡಿ ಅಂತಲೂ ಅದರಲ್ಲೇ ಇದೆ. ಶಿರಾಗೇಟ್, ಆಗ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ (ಪಿಟ್ಯುಟರಿಯ ಇನ್ನೊಂದು ಹಾರ್ಮೋನ್) ನೋಡಿದ್ದರಾ?

ಶಿರಾಗೇಟ್_34
ಇಲ್ಲ ಡಾಕ್ಟರ್. ಒಂದೇ ಒಂದು ಪರೀಕ್ಷೆ. ಅಂದರೆ ನನಗೆ ಕಾಯಿಲೆಯೇ ಇರಲಿಲ್ಲವಾ?

ಎಂಡೋ_ಪಿಜಿ_ಹುಬ್ಬಳ್ಳಿ
ಈಗ ಹೇಳಲು ಆಗುವುದಿಲ್ಲ. ಇಂಜೆಕ್ಷನ್ ಮೇಲಿರುವಾಗ ಎಲ್‌ಎಚ್ ನೋಡಿದರೆ ಅದು ಕಡಿಮೆ ಇದ್ದೇ ಇರುತ್ತದೆ. ಮೊದಲು ಎಷ್ಟಿತ್ತು ಅನ್ನುವುದು ಈಗ ಮುಚ್ಚಿಹೋಗಿದೆ. ಔಷಧಿ ಪೂರ್ತಿ ಹೊರಗೆ ಹೋದ ಮೇಲೆ ಮತ್ತೆ ಮೊದಲಿಂದ ನೋಡಬೇಕು.

ನಿಮ್ಮೂರಹುಡುಗ
ಆ ಕ್ಲಿನಿಕ್ ಹೆಸರು ಹಾಕಿ ಸಾರ್, ನಾಲ್ಕು ಜನಕ್ಕೆ ಗೊತ್ತಾಗಲಿ.

ನಿರ್ವಾಹಕ
ಹೆಸರು ಬೇಡ. ಇದು ನಮ್ಮ ವೇದಿಕೆಯ ನಿಯಮ. ವಿಷಯ ಮಾತಾಡಿ.

ಮೈಸೂರ್_ಅಕ್ಕ
ಇಷ್ಟು ಹೊತ್ತು ಓದಿದೆ. ನಾನೂ ಎರಡು ಮಾತು ಹೇಳಬೇಕು. ಶಿರಾಗೇಟ್, ನಿಮ್ಮ ಮೇಲೆ ಕೋಪ ಅಲ್ಲ ತಮ್ಮಾ.

ನನಗೆ ಮೂರು ವರ್ಷ ಪರೀಕ್ಷೆ ಮಾಡಿದರು. ಟ್ಯೂಬ್‌ಗೆ ಡೈ ಹಾಕಿ ಎಕ್ಸ್-ರೇ ತೆಗೆದರು. ಆ ನೋವು ಮಾಡಿಸಿಕೊಂಡವರಿಗೇ ಗೊತ್ತು. ಲ್ಯಾಪ್ರೋಸ್ಕೋಪಿ ಆಯಿತು. ಸುಬ್ರಹ್ಮಣ್ಯಕ್ಕೆ ಹೋಗಿ ಪೂಜೆ ಆಯಿತು, ಅರಳಿಕಟ್ಟೆಗೆ ಸುತ್ತು ಆಯಿತು. ಪ್ರತಿ ಮದುವೆ ಮನೆಯಲ್ಲಿ 'ಏನಮ್ಮಾ, ವಿಶೇಷ ಏನಾದರೂ?' ಅಂತ ನನ್ನ ಹೊಟ್ಟೆ ನೋಡುತ್ತಿದ್ದರು. ನನ್ನ ಗಂಡನಿಗೆ ಒಂದು ಸಣ್ಣ ಡಬ್ಬಿಯಲ್ಲಿ ಸ್ಯಾಂಪಲ್ ಕೊಡಿ ಅಂತ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ನಮ್ಮ ಅತ್ತೆಗಂತೂ 'ನನ್ನ ಮಗನಿಗೆ ಏನಾಗಿದೆ' ಅನ್ನುವ ಮಾತೇ. ಕೊನೆಗೆ ಮಾಡಿಸಿದರೆ ಸಂಖ್ಯೆ ತುಂಬಾ ಕಡಿಮೆ. ಒಂದು ದಿನದ ಕೆಲಸಕ್ಕೆ ನನ್ನ ಮೂರು ವರ್ಷ ಹೋಯಿತು.

ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಸರ ಕಡೆಯಿಂದಲೂ ಕಾರಣ ಇರುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ಹಾಗಿದ್ದರೆ ಮೊದಲ ದಿನವೇ ಇಬ್ಬರಿಗೂ ಯಾಕೆ ಬರೆಯುವುದಿಲ್ಲ? ಶಿರಾಗೇಟ್ ಅವರ ಹೆಂಡತಿಗೂ ಪರೀಕ್ಷೆಯ ಮೇಲೆ ಪರೀಕ್ಷೆ ಆಗಿದೆಯಂತೆ. ಅದನ್ನು ಓದಿ ನನ್ನ ಕೈ ನಡುಗಿತು.

ಕಡಲತೀರ
ಅಕ್ಕ, ನೀವು ಹೇಳಿದ್ದಕ್ಕೆ ಎದುರು ಮಾತಿಲ್ಲ.

ಶಿರಾಗೇಟ್_34
ಅಕ್ಕ, ನಿಮ್ಮ ಪೋಸ್ಟನ್ನು ನನ್ನ ಹೆಂಡತಿಗೆ ತೋರಿಸಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ 'ಟ್ಯೂಬ್ ಟೆಸ್ಟ್ ದಿನ ನೀವು ಪಾರ್ಕಿಂಗ್‌ನಲ್ಲಿ ಫೋನ್ ನೋಡ್ತಾ ಕೂತಿದ್ರಿ' ಅಂದಳು. ನಿಜ.

ಡಲ್ಲಾಸ್_ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಬರೀ ಇದಕ್ಕೇ ಅಂತ ಕ್ಲಿನಿಕ್‌ಗಳಿವೆ. ಅಂಗಡಿ ಸಾಲಿನಲ್ಲಿ ಕ್ಷೌರದಂಗಡಿ ಪಕ್ಕ ಒಂದು. ನಾನೂ ನಾಲ್ಕು ವರ್ಷದಿಂದ ತಗೊಳ್ಳುತ್ತಿದ್ದೇನೆ. ಆದರೆ ನನ್ನ ಡಾಕ್ಟರ್ ಮೊದಲ ದಿನವೇ ಮಕ್ಕಳ ಬಗ್ಗೆ ಕೇಳಿದರು. ನನಗೆ ಆಗಲೇ ಎರಡು ಮಕ್ಕಳಿದ್ದವು. ನನ್ನ ಜೊತೆ ಕೆಲಸ ಮಾಡುವವನಿಗೆ ಟೆಸ್ಟೋಸ್ಟೆರಾನ್ ಜೊತೆಗೇ ಎಚ್‌ಸಿಜಿ ಇಂಜೆಕ್ಷನ್ ಕೊಟ್ಟರು. ಎಚ್‌ಸಿಜಿ ಅಂದರೆ ಎಲ್‌ಎಚ್ ಥರವೇ ಕೆಲಸ ಮಾಡುತ್ತದೆ, ವೃಷಣವನ್ನು ಎಚ್ಚರವಾಗಿ ಇಡುತ್ತದೆ. ಅವನಿಗೆ ಈಗ ಮಗಳಿದ್ದಾಳೆ. ಹಾಗಾಗಿ ಎರಡನ್ನೂ ಜೊತೆಗೆ ತಗೊಂಡರೆ ಭಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಎಂಡೋ_ಪಿಜಿ_ಹುಬ್ಬಳ್ಳಿ
ಇಲ್ಲಿ ನಾನು ಒಪ್ಪುವುದಿಲ್ಲ ಸಾರ್. 2013ರಲ್ಲಿ ಹೀಗೆ ಎರಡನ್ನೂ ಜೊತೆಗೆ ಕೊಟ್ಟ 26 ಜನರ ವರದಿ ಬಂತು, ಯಾರಿಗೂ ಸೊನ್ನೆ ಆಗಲಿಲ್ಲ. ಒಳ್ಳೆಯ ಸುದ್ದಿಯೇ. ಆದರೆ 26 ಜನ ಅಷ್ಟೇ. ಮಗು ಈಗಲೇ ಬೇಕು ಅನ್ನುವವರಿಗೆ ಟೆಸ್ಟೋಸ್ಟೆರಾನ್ ನಿಲ್ಲಿಸುವುದೇ ಸರಿ. ಮುಂದೆ ಯಾವಾಗಲೋ ಬೇಕಾಗಬಹುದು ಅನ್ನುವವರ ಲೆಕ್ಕ ಬೇರೆ.

ಡಲ್ಲಾಸ್_ಕನ್ನಡಿಗ
ಆದರೆ ನಿಲ್ಲಿಸಿದರೆ ಮನುಷ್ಯ ಕುಸಿದುಹೋಗುತ್ತಾನಲ್ಲ! ನಾನು ಒಮ್ಮೆ ಎರಡು ತಿಂಗಳು ಬಿಟ್ಟಿದ್ದೆ. ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಪುಸ್ತಕದಲ್ಲಿ ಓದಿ ಹೇಳುವುದು ಸುಲಭ.

ಎಂಡೋ_ಪಿಜಿ_ಹುಬ್ಬಳ್ಳಿ
ಸುಮ್ನೆ ನಿಲ್ಲಿಸಿ ಮನೆಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ನಿಲ್ಲಿಸಿ ಎಚ್‌ಸಿಜಿ ಕೊಟ್ಟರೆ ನಿಮ್ಮ ವೃಷಣವೇ ಟೆಸ್ಟೋಸ್ಟೆರಾನ್ ತಯಾರಿಸಲು ಶುರು ಮಾಡುತ್ತದೆ, ಒಳಗೂ ಹೊರಗೂ. ಆ ಕುಸಿತ ಅಷ್ಟು ಜೋರಾಗಿ ಬರುವುದಿಲ್ಲ. ಕೆಲವರಿಗೆ ಕ್ಲೋಮಿಫೀನ್ ಮಾತ್ರೆ ಕೊಡುತ್ತೇವೆ. ಗಂಡಸರ ಮೈಯಲ್ಲೂ ಇರುವ ಈಸ್ಟ್ರೊಜನ್ ಹಾರ್ಮೋನ್ ಮೆದುಳಿನಲ್ಲಿ ಹಾಕುವ ತಡೆಯನ್ನು ಅದು ತೆಗೆಯುತ್ತದೆ, ಪಿಟ್ಯುಟರಿ ಮತ್ತೆ ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುತ್ತದೆ. ದಪ್ಪ ಇದ್ದು ಈಸ್ಟ್ರೊಜನ್ ಜಾಸ್ತಿ ಇರುವವರಿಗೆ ಅದರ ತಯಾರಿ ಇಳಿಸುವ ಅನಾಸ್ಟ್ರಜೋಲ್ ಮಾತ್ರೆ ಕೊಡುವುದುಂಟು. ಗಂಡಸರಿಗೆ ಈ ಎರಡು ಮಾತ್ರೆ ಕೊಡುವುದು ಅಧಿಕೃತವಾಗಿ ಒಪ್ಪಿಗೆ ಪಡೆದ ಬಳಕೆ ಅಲ್ಲ, ಆದರೆ ಬಹಳ ವರ್ಷಗಳಿಂದ ಬಳಸುತ್ತಾ ಬಂದಿದ್ದೇವೆ.

ರಾತ್ರಿಪಾಳಿ
ಕ್ಲೋಮಿಫೀನ್ ಬಗ್ಗೆ ನನ್ನದೊಂದು ಅನುಭವ. ಚೀಟಿ ತಗೊಂಡು ಮೆಡಿಕಲ್ ಸ್ಟೋರ್‌ಗೆ ಹೋದೆ. ಹುಡುಗ ಚೀಟಿ ನೋಡಿ, ನನ್ನ ಮುಖ ನೋಡಿ, ಜೋರಾಗಿ 'ಸಾರ್, ಇದು ಲೇಡೀಸ್ ಮಾತ್ರೆ, ಮೇಡಂ ಹೆಸರಲ್ಲಿ ಬರಿಬೇಕಿತ್ತು' ಅಂದ. ಹಿಂದೆ ಐದಾರು ಜನ ನಿಂತಿದ್ದರು. ಮಾತ್ರೆ ತಗೊಳ್ಳದೆ ವಾಪಸ್ ಬಂದೆ. ಮೂರು ದಿನ ಆದ ಮೇಲೆ ಹೆಂಡತಿ ಹೋಗಿ ತಂದಳು. ಯಾರಿಗಾದರೂ ಇದನ್ನು ಬರೆದಿದ್ದರೆ, ಅದು ನಿಮಗೇ ಬರೆದಿರುವುದು, ತಪ್ಪಾಗಿ ಬರೆದಿಲ್ಲ. ಧೈರ್ಯವಾಗಿ ಕೇಳಿ ತಗೊಳ್ಳಿ.

ನಾಟಿವೈದ್ಯ_ಅಭಿಮಾನಿ
ಇಷ್ಟೆಲ್ಲಾ ಇಂಜೆಕ್ಷನ್ ಯಾಕೆ? ಅಶ್ವಗಂಧ, ಶಿಲಾಜಿತ್, ಹಾಲು, ತುಪ್ಪ. ನಮ್ಮ ತಾತನಿಗೆ ಒಂಬತ್ತು ಮಕ್ಕಳು, ಒಂದು ದಿನ ಲ್ಯಾಬ್ ಮುಖ ನೋಡಿರಲಿಲ್ಲ.

ಲ್ಯಾಬ್_ಮೈಸೂರು
ತಾತ ಹೊರಗಿಂದ ಹಾರ್ಮೋನ್ ಕೂಡ ಹಾಕಿಸಿಕೊಂಡಿರಲಿಲ್ಲ ಅಲ್ವಾ? ಅದು ದೊಡ್ಡ ವ್ಯತ್ಯಾಸ. ನಾನು ಅಶ್ವಗಂಧ ಬೈಯುತ್ತಿಲ್ಲ, ಅದರ ಮೇಲೆ ಸಣ್ಣ ಸಣ್ಣ ಅಧ್ಯಯನಗಳು ಇವೆ. ಆದರೆ ಪಿಟ್ಯುಟರಿಯೇ ಆಫ್ ಆಗಿರುವಾಗ ತುಪ್ಪ ತಿಂದರೆ ಅದು ಆನ್ ಆಗುವುದಿಲ್ಲ. ಹೆಸರೇ ಇಲ್ಲದ 'ಶಕ್ತಿ ಪುಡಿ' ತಗೊಳ್ಳುವವರು ಜಾಸ್ತಿ ಎಚ್ಚರ ವಹಿಸಿ. ಒಳಗೆ ಏನು ಬೆರೆಸಿದ್ದಾರೆ ಅಂತ ಪೊಟ್ಟಣದ ಮೇಲೆ ಇರುವುದಿಲ್ಲ.

ನಾಟಿವೈದ್ಯ_ಅಭಿಮಾನಿ
ಪುಡಿ ವಿಷಯ ಒಪ್ಪಿದೆ. ತುಪ್ಪದ ವಿಷಯ ಒಪ್ಪುವುದಿಲ್ಲ.

ಘಮವಿಲ್ಲದವ
ನನ್ನ ಕಥೆ ಸ್ವಲ್ಪ ಬೇರೆ, ಆದರೂ ಇಲ್ಲಿ ಹೇಳಬೇಕು ಅನ್ನಿಸಿತು.

ನಮ್ಮದು ಉಡುಪಿ ಕಡೆ. ಮನೆಯಲ್ಲಿ ಮಲ್ಲಿಗೆ ಕಟ್ಟುವವರು. ಬೆಳಗ್ಗೆ ಅಮ್ಮ, ಅತ್ತಿಗೆ ಎಲ್ಲರೂ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮೊಗ್ಗು ಕಟ್ಟುವಾಗ 'ಎಂಥಾ ಘಮ' ಅನ್ನುತ್ತಿದ್ದರು. ನನಗೆ ಯಾವತ್ತೂ ಏನೂ ಬರುತ್ತಿರಲಿಲ್ಲ. ಚಿಕ್ಕವನಿದ್ದಾಗ ಅದೊಂದು ಮಾತಿನ ಅಭ್ಯಾಸ, ಚೆಂದ ಇದೆ ಅನ್ನುವುದಕ್ಕೆ ಘಮ ಅನ್ನುತ್ತಾರೆ ಅಂದುಕೊಂಡಿದ್ದೆ. ನಾನೂ ಹಾಗೇ ಹೇಳುತ್ತಿದ್ದೆ. ಗ್ಯಾಸ್ ಸೋರಿದರೂ ಗೊತ್ತಾಗುತ್ತಿರಲಿಲ್ಲ.

18 ಆದರೂ ಗಡ್ಡ ಬರಲಿಲ್ಲ, ಧ್ವನಿ ಒಡೆಯಲಿಲ್ಲ. ಕಾಲೇಜಿನಲ್ಲಿ ಪಟ್ಟ ಪಾಡು ಬೇಡ ಬಿಡಿ. 23ರಲ್ಲಿ ಒಬ್ಬ ಡಾಕ್ಟರ್ ಎಲ್ಲ ಕೇಳಿದ ಮೇಲೆ, 'ನಿಮಗೆ ವಾಸನೆ ಗೊತ್ತಾಗುತ್ತದಾ?' ಅಂದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. ಕಾಲ್‌ಮನ್ ಸಿಂಡ್ರೋಮ್. ಮೂಗಿನ ವಾಸನೆಯ ನರಗಳೂ, ಪಿಟ್ಯುಟರಿಗೆ ಆಜ್ಞೆ ಕೊಡುವ ನರಕೋಶಗಳೂ ಹುಟ್ಟುವ ಮೊದಲು ಒಂದೇ ದಾರಿಯಲ್ಲಿ ಮೆದುಳಿಗೆ ಹೋಗುತ್ತವಂತೆ. ನನ್ನಲ್ಲಿ ಆ ಪಯಣ ಪೂರ್ತಿ ಆಗಿರಲಿಲ್ಲ.

ಮೊದಲು ಟೆಸ್ಟೋಸ್ಟೆರಾನ್ ಕೊಟ್ಟರು, ಗಡ್ಡ ಬಂತು, ಮೈ ತುಂಬಿತು. 'ಮದುವೆಯಾಗಿ ಮಗು ಬೇಕು ಅನ್ನಿಸಿದ ದಿನ ನನ್ನ ಹತ್ತಿರ ಬನ್ನಿ, ಅವತ್ತು ಔಷಧಿ ಬದಲಾಯಿಸೋಣ' ಅಂತ ಅವತ್ತೇ ಹೇಳಿದರು. 30ಕ್ಕೆ ಹೋದೆ. ಎಚ್‌ಸಿಜಿ ವಾರಕ್ಕೆ ಮೂರು ಸಲ, ಆರು ತಿಂಗಳಾದ ಮೇಲೆ ಎಫ್‌ಎಸ್‌ಎಚ್ ಕೂಡ ಸೇರಿಸಿದರು. ನಾನೇ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುತ್ತಿದ್ದೆ. ಒಟ್ಟು 17 ತಿಂಗಳು. ಕೊನೆಗೆ ಕಂಡಿದ್ದು ಮಿಲಿಲೀಟರ್‌ಗೆ 4 ಮಿಲಿಯನ್ ಮಾತ್ರ, ಆದರೂ ಅಷ್ಟರಲ್ಲೇ ಆಯಿತು. ಮಗನಿಗೆ ಈಗ ಎರಡೂವರೆ. ಅಜ್ಜಿ ಮುಡಿಯಿಂದ ಮಲ್ಲಿಗೆ ಕಿತ್ತು ಮೂಗಿಗೆ ಹಿಡಿದುಕೊಂಡು ನಗುತ್ತಾನೆ. ಅವನಿಗೆ ಬರುತ್ತದೆ.

ಮೈಸೂರ್_ಅಕ್ಕ
ಓದಿ ಕಣ್ಣು ತುಂಬಿತು.

ಅಡಿಕೆ_ತೋಟ
ಉಡುಪಿ ಮಲ್ಲಿಗೆ ಅಂದರೆ ಶಂಕರಪುರದ್ದಾ? ಈಗ ಅಟ್ಟೆಗೆ ಎಷ್ಟಿದೆ ರೇಟು?

ಘಮವಿಲ್ಲದವ
ಹೌದು ಶಂಕರಪುರದ್ದೇ. ರೇಟು ದಿನಕ್ಕೊಂದು ಅಣ್ಣ, ಮದುವೆ ಸೀಸನ್‌ನಲ್ಲಿ ಕೇಳಲೇಬೇಡಿ.

ನಿರ್ವಾಹಕ
ಮಲ್ಲಿಗೆ ರೇಟಿಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ.

ನಿಮ್ಮೂರಹುಡುಗ
ನಾನು ಮೊದಲು 104 ಕೆ.ಜಿ ಇದ್ದೆ. ಟೆಸ್ಟೋಸ್ಟೆರಾನ್ 240. ನನ್ನ ಡಾಕ್ಟರ್ ಹಾರ್ಮೋನ್ ಕೊಡಲೇ ಇಲ್ಲ. 'ಗೊರಕೆ ಹೊಡೆಯುತ್ತೀರಾ?' ಅಂದರು. ಹೆಂಡತಿ ಪಕ್ಕದಲ್ಲೇ ಇದ್ದಳು, ಉತ್ತರ ಅವಳೇ ಕೊಟ್ಟಳು. ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ ಅಂತ ಗೊತ್ತಾಯಿತು, ರಾತ್ರಿ ಮೆಷಿನ್ ಹಾಕಿಕೊಳ್ಳಲು ಕೊಟ್ಟರು. ಒಂದೂವರೆ ವರ್ಷದಲ್ಲಿ 87ಕ್ಕೆ ಇಳಿದೆ. ಈಗ ಬೆಳಗಿನ ಪರೀಕ್ಷೆಯಲ್ಲಿ 390. ಶಿರಾಗೇಟ್, ಮಧ್ಯಾಹ್ನ ಕಣ್ಣು ಎಳೆಯುತ್ತಿತ್ತು ಅಂದ್ರಲ್ಲ, ನಿಮಗೂ ಗೊರಕೆ ಇದೆಯಾ?

ಶಿರಾಗೇಟ್_34
ಇದೆ. ಜೋರಾಗೇ ಇದೆ. ತೂಕ 96. ಇದನ್ನು ಯಾರೂ ಕೇಳಿರಲಿಲ್ಲ.

ಎಂಡೋ_ಪಿಜಿ_ಹುಬ್ಬಳ್ಳಿ
ನಿಮ್ಮೂರಹುಡುಗ, ಬಹಳ ಒಳ್ಳೆಯ ಪ್ರಶ್ನೆ ಕೇಳಿದಿರಿ. ಬೊಜ್ಜು, ಸಕ್ಕರೆ ಕಾಯಿಲೆ, ನಿದ್ದೆಯ ತೊಂದರೆ, ಕೆಲವು ನೋವಿನ ಮಾತ್ರೆಗಳು, ಇವೆಲ್ಲ ಟೆಸ್ಟೋಸ್ಟೆರಾನ್ ಇಳಿಸುತ್ತವೆ. ತಲೆನೋವು ಇದ್ದು ಪಕ್ಕದ ನೋಟ ಮಸುಕಾದರೆ ಪ್ರೊಲ್ಯಾಕ್ಟಿನ್ ನೋಡಲೇಬೇಕು. ಪಿಟ್ಯುಟರಿಯಲ್ಲಿ ಒಂದು ಬಗೆಯ ಗಡ್ಡೆ ಇದ್ದರೆ ಅದು ಏರುತ್ತದೆ, ಬಹಳ ಜನಕ್ಕೆ ಕ್ಯಾಬರ್ಗೋಲಿನ್ ಮಾತ್ರೆಯಲ್ಲೇ ಸರಿಹೋಗುತ್ತದೆ. ಇನ್ನು ಕೆಲವರಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್ ತುಂಬಾ ಜಾಸ್ತಿ ಇರುತ್ತವೆ, ಅಂದರೆ ತೊಂದರೆ ವೃಷಣದಲ್ಲೇ. ಅಂಥವರಿಗೆ ಕ್ಲೈನ್‌ಫೆಲ್ಟರ್ (ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುವುದು) ಇದೆಯಾ ಅಂತ ಕ್ರೋಮೋಸೋಮ್ ಪರೀಕ್ಷೆ ಮಾಡಿಸುತ್ತೇವೆ. ಅದಿದ್ದರೂ ಮೈಕ್ರೋಸ್ಕೋಪ್ ಕೆಳಗೆ ವೃಷಣದಿಂದಲೇ ವೀರ್ಯಾಣು ಹುಡುಕಿ ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಕಾರಣ ಗೊತ್ತಿಲ್ಲದೆ ಇಂಜೆಕ್ಷನ್ ಚುಚ್ಚಿದರೆ ಇದೆಲ್ಲ ಮುಚ್ಚಿಹೋಗುತ್ತದೆ ಅನ್ನುವುದೇ ನನ್ನ ಸಂಕಟ.

ಶಿರಾಗೇಟ್_34
ನನ್ನ ಎರಡನೇ ಪ್ರಶ್ನೆಗೆ ಯಾರೂ ನೇರವಾಗಿ ಹೇಳಲಿಲ್ಲ. ವಾಪಸ್ ಬರುತ್ತದಾ?

ಕಡಲತೀರ
ಬರುತ್ತದೆ. ಆ ಗರ್ಭನಿರೋಧಕ ಪ್ರಯೋಗಗಳಲ್ಲಿ ಇದ್ದವರನ್ನೆಲ್ಲ ಸೇರಿಸಿ 2006ರಲ್ಲಿ ಲೆಕ್ಕ ಹಾಕಿದರು. ನಿಲ್ಲಿಸಿದ ಮೇಲೆ ಸಂಖ್ಯೆ ಮಿಲಿಲೀಟರ್‌ಗೆ 20 ಮಿಲಿಯನ್‌ವರೆಗೆ ವಾಪಸ್ ಬಂದವರು 6 ತಿಂಗಳಲ್ಲಿ ಶೇ. 67, ಒಂದು ವರ್ಷದಲ್ಲಿ ಶೇ. 90, ಎರಡು ವರ್ಷದಲ್ಲಿ ಎಲ್ಲರೂ.

ರಾತ್ರಿಪಾಳಿ
ಅವರೆಲ್ಲ ಮೊದಲೇ ಸಂಖ್ಯೆ ಚೆನ್ನಾಗಿದ್ದವರು ಅಲ್ವಾ? ಶಿರಾಗೇಟ್ ಅವರದು ಮೊದಲು ಎಷ್ಟಿತ್ತೋ ಯಾರಿಗೆ ಗೊತ್ತು. ಸುಳ್ಳು ಧೈರ್ಯ ಕೊಡಬೇಡಿ.

ಕಡಲತೀರ
ಸುಳ್ಳು ಧೈರ್ಯ ಅಲ್ಲ ಅಣ್ಣ, ಇರುವ ಅಂಕಿಅಂಶ ಹೇಳಿದೆ.

ಎಂಡೋ_ಪಿಜಿ_ಹುಬ್ಬಳ್ಳಿ
ಇಬ್ಬರದೂ ಸರಿ. ಬಹಳ ಜನಕ್ಕೆ ವಾಪಸ್ ಬರುತ್ತದೆ. ವಯಸ್ಸು ಜಾಸ್ತಿ ಇದ್ದರೆ, ತುಂಬಾ ವರ್ಷ ತಗೊಂಡಿದ್ದರೆ ನಿಧಾನ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಆಮೇಲೆ ಹೊರಬರುವ ದಾರಿಗೆ ಇನ್ನಷ್ಟು ದಿನ. ಹಾಗಾಗಿ ಮೂರು ತಿಂಗಳಿಗೆ ಮೊದಲು ಪರೀಕ್ಷೆ ಮಾಡಿಸಿ ಎದೆ ಒಡೆದುಕೊಳ್ಳಬೇಡಿ.

ಲ್ಯಾಬ್_ಮೈಸೂರು
ಸ್ಯಾಂಪಲ್ ಕೊಡುವವರಿಗೆ: 2ರಿಂದ 7 ದಿನ ಅಂತರ ಇರಲಿ. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ ತನ್ನಿ. ಬೈಕಿನ ಡಿಕ್ಕಿಯಲ್ಲಿ ಹಾಕಬೇಡಿ, ಬಿಸಿಲಿಗೆ ಕಾದಿರುತ್ತದೆ. ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವ ಹಾಗೆ ಇಟ್ಟುಕೊಳ್ಳಿ. ಮೊದಲ ಹನಿ ಚೆಲ್ಲಿಹೋದರೆ ಮುಚ್ಚಿಡದೆ ಹೇಳಿ, ಜಾಸ್ತಿ ವೀರ್ಯಾಣು ಇರುವುದೇ ಅದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಪುಸ್ತಕದ ಪ್ರಕಾರ ಕೆಳಗಿನ ಗೆರೆ ಮಿಲಿಲೀಟರ್‌ಗೆ 16 ಮಿಲಿಯನ್, ಅಂದರೆ 1 ಕೋಟಿ 60 ಲಕ್ಷ. ಅದಕ್ಕಿಂತ ಕಡಿಮೆ ಬಂದರೆ ಮಗು ಆಗುವುದೇ ಇಲ್ಲ ಅಂತ ಅಲ್ಲ. ಘಮವಿಲ್ಲದವರ ಮಗನೇ ಸಾಕ್ಷಿ.

ದಾವಣಗೆರೆ_ಜಿಮ್
ನನ್ನ ಗೆಳೆಯನ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಅವನಿಗೆ ನಿಲ್ಲಿಸಿ 14 ತಿಂಗಳಿಗೆ ವಾಪಸ್ ಬಂತು. ಈಗ ಹೆಂಡತಿಗೆ ಐದನೇ ತಿಂಗಳು.

ಶಿರಾಗೇಟ್_34
ಎಲ್ಲರಿಗೂ ಕೈಮುಗಿಯುತ್ತೇನೆ. ಸೋಮವಾರ ಎಂಡೋಕ್ರೈನಾಲಜಿಸ್ಟ್ ಹತ್ತಿರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಹೆಂಡತಿಯೂ ಬರುತ್ತಾಳೆ. ಮುಂದೆ ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.

*(ಒಂಬತ್ತು ತಿಂಗಳ ನಂತರ)*

ಶಿರಾಗೇಟ್_34
ಬರೆಯುತ್ತೇನೆ ಅಂದಿದ್ದೆ, ತಡವಾಯಿತು. ಇಂಜೆಕ್ಷನ್ ಅವತ್ತೇ ನಿಲ್ಲಿಸಿದೆ. ಎಚ್‌ಸಿಜಿ ಶುರು ಮಾಡಿದರು. ಮೊದಲ ಒಂದೂವರೆ ತಿಂಗಳು ಕಷ್ಟ ಆಯಿತು, ಡಲ್ಲಾಸ್ ಅಣ್ಣ ಹೇಳಿದ್ದು ಸುಳ್ಳಲ್ಲ. ಆಮೇಲೆ ಪರವಾಗಿಲ್ಲ. ನಿದ್ದೆ ಪರೀಕ್ಷೆಯಲ್ಲಿ ಆಪ್ನಿಯಾ ಬಂತು, ಮೆಷಿನ್ ಹಾಕಿಕೊಳ್ಳುತ್ತಿದ್ದೇನೆ. ಮಧ್ಯಾಹ್ನದ ಆ ಕಣ್ಣು ಎಳೆತ ಅರ್ಧಕ್ಕರ್ಧ ಅದರಿಂದಲೇ ಹೋಯಿತು. ತೂಕ ಈಗ 88.

ಮೂರನೇ ತಿಂಗಳ ವೀರ್ಯ ಪರೀಕ್ಷೆ ಸೊನ್ನೆ. ಐದನೇ ತಿಂಗಳೂ ಸೊನ್ನೆ. ಆಗ ಎಫ್‌ಎಸ್‌ಎಚ್ ಸೇರಿಸಿದರು, ದುಬಾರಿ, ಆದರೂ ತಗೊಂಡೆ. ನಿನ್ನೆ ವರದಿ ಬಂತು. ಹೆಂಡತಿ ನನಗಿಂತ ಮೊದಲು ಲಕೋಟೆ ಒಡೆದು, ಬೆರಳಿಟ್ಟು ತೋರಿಸಿದಳು. 'ನಿಲ್' ಇದ್ದ ಜಾಗದಲ್ಲಿ 3.2 ಮಿಲಿಯನ್. ಚಲನೆ ಶೇ. 31.

ಅಡಿಕೆ_ತೋಟ
ಮೋಟಾರ್ ಓಡಿತು!

ಮೈಸೂರ್_ಅಕ್ಕ
ದೇವರು ದೊಡ್ಡವನು ತಮ್ಮಾ. ನಿಮ್ಮ ಹೆಂಡತಿಗೆ ನನ್ನ ಕಡೆಯಿಂದ ಹೇಳಿ.

ಡಲ್ಲಾಸ್_ಕನ್ನಡಿಗ
ತುಂಬಾ ಖುಷಿ ಆಯಿತು. ಈ ಎಳೆ ಓದಿದ ಮೇಲೆ, ಹೊಸದಾಗಿ ಶುರು ಮಾಡಬೇಕು ಅಂತಿದ್ದ ನಮ್ಮ ಕಡೆಯ ಇಬ್ಬರು ಹುಡುಗರಿಗೆ ಮೊದಲು ವೀರ್ಯ ಪರೀಕ್ಷೆ ಮಾಡಿಸಿ ಅಂದಿದ್ದೇನೆ. ಒಬ್ಬನಿಗೆ ಇನ್ನೂ ಮದುವೆ ಆಗಿಲ್ಲ, ಅವನು ಮುಂದಕ್ಕೆ ಇರಲಿ ಅಂತ ವೀರ್ಯ ಫ್ರೀಜ್ ಮಾಡಿಸಿಟ್ಟ.

ಘಮವಿಲ್ಲದವ
ಶಿರಾಗೇಟ್, ನೀವೂ ಈಗಲೇ ಎರಡು ಸ್ಯಾಂಪಲ್ ಫ್ರೀಜ್ ಮಾಡಿಸಿ. ನನಗೆ ಬಂದ ಸಂಖ್ಯೆ ಮುಂದಿನ ತಿಂಗಳು ಮತ್ತೆ ಇಳಿದಿತ್ತು. ಮಾಡಿಸಿದ್ದು ಒಳ್ಳೆಯದಾಯಿತು.

ಶಿರಾಗೇಟ್_34
ಡಾಕ್ಟರ್ ಕೂಡ ಅದನ್ನೇ ಹೇಳಿದರು. ಶನಿವಾರ ಬೆಳಗ್ಗೆ ಎಂಟಕ್ಕೆ ಹೋಗುತ್ತಿದ್ದೇವೆ. ಇಬ್ಬರೂ.